ಗಾಳಿಗೆ ಬೀಳದ ಬೋರ್ಡುಗಳು

ಲೋವೆಲ್ ಹೇವರ್‌ಕ್ಯಾಂಪನ ಅಡುಗೆಮನೆ ಅವನ ಕೈತಪ್ಪಿ ಆಗಲೇ ಮೂರು ವಾರ ಕಳೆದಿತ್ತು. ಊಟದ ಮೇಜಿನ ತುಂಬ ಮತದಾರರ ಚೀಟಿಗಳು. ಫ್ರಿಜ್ಜಿನ ಬಾಗಿಲಿನಿಂದ ಮೊಮ್ಮಕ್ಕಳ ಚಿತ್ರಗಳು ಎದ್ದುಹೋಗಿ ಆ ಜಾಗಕ್ಕೆ ಊರಿನ ನಕ್ಷೆ ಬಂದಿತ್ತು. ಮೊಟ್ಟೆ ಕರಿಯುವ ಬಾಣಲೆಯಲ್ಲಿ ರಬ್ಬರ್ ಬ್ಯಾಂಡುಗಳು. ಅವನ ಸ್ವಂತ ಕುರ್ಚಿಯಲ್ಲಿ (ಇಪ್ಪತ್ತು ವರ್ಷದಿಂದ ಅವನ ಬೆನ್ನಿನ ಆಕಾರಕ್ಕೆ ಪಳಗಿದ ಕುರ್ಚಿ ಅದು) ಕರಪತ್ರಗಳ ಪೆಟ್ಟಿಗೆ ಠಿಕಾಣಿ ಹೂಡಿತ್ತು.

"ನಂಗೆ ಎರಡು ಮೊಟ್ಟೆ ಸಿಗುತ್ತಾ, ಇಲ್ಲ ಅದಕ್ಕೂ ಚುನಾವಣೆ ನಡೀಬೇಕಾ?" ಎಂದು ಒಂದು ಬೆಳಿಗ್ಗೆ ಕೇಳಿದ.

"ನಿನಗೆ ಎರಡು ಕೈಯಿದೆ, ಒಲೆ ಇದೆ, ಕೋಳಿಗೂಡು ಎಲ್ಲಿದೆ ಅಂತಾನೂ ಗೊತ್ತು," ಎಂದಳು ಹೆಂಡತಿ ಆರ್ಡಿಸ್, ತಲೆ ಎತ್ತದೆ. "ಜನ ತಮ್ಮ ಕಾಲ ಮೇಲೆ ತಾವು ನಿಲ್ಲಬೇಕು ಅಂತ ಟೀವಿ ಮುಂದೆ ದಿನಾ ಭಾಷಣ ಮಾಡ್ತೀಯಲ್ಲ. ಶುರು ಮಾಡು."

ಆರ್ಡಿಸ್ ಮೂವತ್ತು ವರ್ಷ ಊರಿನ ಶಾಲೆಯ ಬಸ್ಸು ಓಡಿಸಿದವಳು. ಜೋಳದ ಹೊಲಗಳ ನಡುವೆ ಮೈಲಿಗೊಂದರಂತೆ ಚದುರಿದ ಆ ಊರಿನ ಮನೆಗಳೆಲ್ಲ ಅವಳಿಗೆ ಅಂಗೈ ರೇಖೆಯಷ್ಟು ಪರಿಚಿತ. ನಿವೃತ್ತಳಾಗಿ ಹೆಣಿಗೆ ಹಿಡಿದು ಕೂತವಳನ್ನು ಎಬ್ಬಿಸಿದವನು ಊರ ಮಂಡಳಿಯ ಹಂಗಾಮಿ ಅಧ್ಯಕ್ಷ ರಾಸ್ಕೋ ಬಾಕ್ಮನ್. ಹಳೆಯ ಅಧ್ಯಕ್ಷರು ಕೀಲುನೋವಿಗೆ ಬಿಸಿಲು ಹುಡುಕಿಕೊಂಡು ಅರಿಜೋನಾಕ್ಕೆ ಹೋದ ಮೇಲೆ ರಾಸ್ಕೋ ಒಂದು ಪ್ರಸ್ತಾಪ ತಂದ: ಊರ ಸಭಾಭವನದ ಮಾಡು ಸೋರುತ್ತದೆ, ಚಳಿ ಕಾಯಿಸುವ ಒಲೆಗೆ ಖರ್ಚು ಬಹಳ, ಆದ್ದರಿಂದ ಇನ್ನು ಮೇಲೆ ಸಭೆಗಳು ಮೂವತ್ತೆಂಟು ಮೈಲಿ ದೂರದ ಕೌಂಟಿ (ಜಿಲ್ಲಾ) ಕಚೇರಿಯಲ್ಲಿ, ಬುಧವಾರ ಮಧ್ಯಾಹ್ನ ಎರಡಕ್ಕೆ.

"ಎರಡು ಗಂಟೆಗೆ ಯಾರಪ್ಪಾ ಬರ್ತಾನೆ ಅಲ್ಲಿಗೆ?" ಎಂದು ಆರ್ಡಿಸ್ ಹೆಣಿಗೆಯ ಕಡ್ಡಿ ಕೆಳಗಿಟ್ಟಳು. "ಹಸು ಇರೋನು ಬರ್ತಾನಾ? ಆಸ್ಪತ್ರೇಲಿ ಪಾಳಿ ಮಾಡೋಳು ಬರ್ತಾಳಾ? ಆಳೋರು ಒಂದು ಮೈಲಿ ದೂರ ಹೋದ್ರೆ ಒಂದು ಕಿವಿ ಹೋಗುತ್ತೆ. ಮೂವತ್ತೆಂಟು ಮೈಲಿ ಹೋದ್ರೆ ಇವರಿಗೆ ಏನುಳಿಯುತ್ತೆ?" ಮರುದಿನವೇ ಅಧ್ಯಕ್ಷ ಸ್ಥಾನಕ್ಕೆ ಹೆಸರು ಕೊಟ್ಟು ಬಂದಳು. ಅವಳದು ಎರಡೇ ಮಾತು. ಸಭೆ ಊರಲ್ಲೇ, ಸಂಜೆಯೇ ನಡೆಯಬೇಕು. ನಿಯಮ ಎಲ್ಲರಿಗೂ ಒಂದೇ ಆಗಿರಬೇಕು.

ಮಂಗಳವಾರ, ಗುರುವಾರ ಬೆಳಿಗ್ಗೆ ರಿಪಬ್ಲಿಕನ್ ಮಹಿಳಾ ಸಂಘದ ಏಳು ಜನ ಅಡುಗೆಮನೆಗೆ ದಯಮಾಡಿಸುತ್ತಿದ್ದರು. ಮೊದಲು ಪ್ರಾರ್ಥನೆ. ಆಮೇಲೆ ಹಿಟ್ಟಿನ ಡಬ್ಬಿಯಲ್ಲಿ ಸಿಕ್ಕಿಸಿದ ಪುಟ್ಟ ಬಾವುಟಕ್ಕೆ ಎದೆಯ ಮೇಲೆ ಕೈಯಿಟ್ಟು ಪ್ರತಿಜ್ಞೆ. (ಕಾಫಿಗೆಂದು ನುಸುಳಿ ಬಂದ ಲೋವೆಲ್ ಎಷ್ಟೋ ಸಲ ಟೋಸ್ಟನ್ನು ಎಡಗೈಗೆ ವರ್ಗಾಯಿಸಿ, ಒಳಚಡ್ಡಿ ಬನಿಯನ್ನಿನಲ್ಲೇ ದೇಶನಿಷ್ಠೆ ತೋರಿಸಬೇಕಾಗಿ ಬಂದಿತ್ತು.) ಆಮೇಲೆ ಚೀಟಿಗಳು. ಆ ಚೀಟಿಗಳನ್ನು ಲೋವೆಲ್ ಒಮ್ಮೆ ಕದ್ದು ಓದಿದ. "ನಾಯಿ ಕಚ್ಚುತ್ತೆ, ಯಜಮಾನ ಕಚ್ಚಲ್ಲ." "ಮೊಣಕಾಲು ಹೇಗಿದೆ ಅಂತ ಕೇಳಿ. ಇಪ್ಪತ್ತು ನಿಮಿಷ ಇಟ್ಟುಕೊಂಡು ಕೇಳಿ." "ಡೆಮಾಕ್ರಟ್. ಆದರೂ ಹೋಗಿ. ಸಭೆ ಸಂಜೆಗಿದ್ದರೆ ಅವಳಿಗೂ ಅನುಕೂಲ. ಪೈ ತಿಂಡಿ ಬಹಳ ಚೆನ್ನಾಗಿ ಮಾಡ್ತಾಳೆ."

ಈ ಹೆಂಗಸರಲ್ಲಿ ಒಬ್ಬರಿಗೂ ಸಂಬಳವಿಲ್ಲ, ಸಾರಿಗೆ ಭತ್ಯೆಯಿಲ್ಲ. ಒಬ್ಬಾಕೆಗೆ ಸೊಂಟದ ಶಸ್ತ್ರಚಿಕಿತ್ಸೆಯಾಗಿ ಮೂರು ತಿಂಗಳೂ ಆಗಿರಲಿಲ್ಲ. ಊರುಗೋಲಿನಿಂದಲೇ ಬಾಗಿಲು ತಟ್ಟುತ್ತಿದ್ದಳು. ದೊಡ್ಡ ಪಟ್ಟಣಗಳಲ್ಲಿ ಪ್ರಜಾಪ್ರಭುತ್ವದ ಬಗ್ಗೆ ವಿಚಾರ ಸಂಕಿರಣ ಮಾಡುವವರು ಇವರ ಜೊತೆ ಒಂದು ದಿನ ನಡೆದಿದ್ದರೆ ಸಂಕಿರಣವೂ ಬೇಡ, ಸನ್ಮಾನವೂ ಬೇಡ ಎಂದು ಕಾಲು ಒತ್ತಿಸಿಕೊಳ್ಳಲು ಮನೆಗೆ ಹೋಗುತ್ತಿದ್ದರು.

ಲೋವೆಲ್ ಮಾತ್ರ ನಲವತ್ತೊಂದು ವರ್ಷದಿಂದ ದೇಶವನ್ನು ಆರಾಮಕುರ್ಚಿಯಿಂದ ಆಳಿದ ಗಂಡಸು. ಅವನನ್ನೂ ಒಂದು ದಿನ ಪ್ರಚಾರಕ್ಕೆ ಕಳಿಸಿ ನೋಡಿದರು. ಮೊದಲನೆಯ ಮನೆಯಲ್ಲೇ ಬೇಲಿಯ ವಿಷಯ ಬಂತು. ಜೀವನವಿಡೀ ಬೇಲಿ ಹಾಕಿ ಹೊಟ್ಟೆ ಹೊರೆದವನಿಗೆ ಬೇಲಿಯ ವಿಷಯ ಬಂದರೆ ಕೇಳಬೇಕೆ? ಎರಡು ಗಂಟೆ ಕಂಬ, ತಂತಿ, ಬಿಗಿತ ಎಂದು ಉಪದೇಶ ಕೊಟ್ಟು ಕರಪತ್ರವನ್ನು ಜೇಬಿನಲ್ಲೇ ವಾಪಸು ತಂದ.

"ನೀನು ಮನೇಲೇ ಇದ್ದುಬಿಡು, ಅದೇ ದೊಡ್ಡ ಸಹಾಯ," ಎಂದಳು ಆರ್ಡಿಸ್. ಸಿಟ್ಟಿನಿಂದ ಹೇಳಿದ ಮಾತಲ್ಲ ಅದು, ದಣಿದು ಹೇಳಿದ್ದು. ಅದಕ್ಕೇ ಲೋವೆಲನಿಗೆ ಚುಚ್ಚಿತು. ಒಂದಾದರೂ ಕೆಲಸದಲ್ಲಿ ಅವಳಿಗೆ ಉಪಯೋಗಕ್ಕೆ ಬರಬೇಕು, ಒಂದು ಸಲವಾದರೂ ಅವಳ ಬಾಯಿಂದ ಭೇಷ್ ಅನ್ನಿಸಿಕೊಳ್ಳಬೇಕು ಎಂದು ಅವನಿಗೆ ಹಟ ಹುಟ್ಟಿತು.

ಅವಕಾಶ ಕೊಟ್ಟವನು ವಾಯುದೇವ. ಆ ಬಯಲಿನ ಗಾಳಿ ಪಕ್ಷ ನೋಡಿ ಬೀಸುವುದಿಲ್ಲ. ಬೆಂಬಲಿಗರ ಮನೆಗಳ ಮುಂದೆ, ರಸ್ತೆಯಂಚಿಗೆ ತಂತಿಕಾಲಿನ ಮೇಲೆ ನಿಲ್ಲಿಸಿದ ಆರ್ಡಿಸ್‌ಳ ಬೋರ್ಡುಗಳು ಸೋಮವಾರ ನೆಟ್ಟರೆ ಮಂಗಳವಾರ ಪಕ್ಕದ ಕೌಂಟಿಯ ಹಂದಿದೊಡ್ಡಿಯಲ್ಲಿ ಸಿಗುತ್ತಿದ್ದವು. ಅಲ್ಲಿ ಅವಳಿಗೆ ಮತ ಹಾಕುವವರು ಯಾರೂ ಇರಲಿಲ್ಲ.

"ಬೋರ್ಡಿನ ಜವಾಬ್ದಾರಿ ನನಗೆ ಬಿಡು," ಎಂದ ಲೋವೆಲ್.

"ಅದನ್ನಾದ್ರೂ ಮಾಡು," ಎಂದಳು ಆರ್ಡಿಸ್. ಹೇಗೆ ಮಾಡುತ್ತೀ ಎಂದು ಕೇಳಲಿಲ್ಲ. ಅವಳು ಜೀವನದಲ್ಲಿ ಮಾಡಿದ ಕೆಲವೇ ತಪ್ಪುಗಳಲ್ಲಿ ಅದೂ ಒಂದು.

ಬೇಲಿ ಕಟ್ಟುವವನಿಗೆ ನೆಡುವುದು ಎಂದರೆ ಒಂದೇ ಅರ್ಥ. ಟ್ರ್ಯಾಕ್ಟರಿಗೆ ಗುಂಡಿ ಕೊರೆಯುವ ಯಂತ್ರ ಕಟ್ಟಿದ. ಗುಂಡಿಗೆ ಮೂರೂವರೆ ಅಡಿ ಆಳ. ಒಳಗೆ ದಪ್ಪ ಸೀಡರ್ ಮರದ ಕಂಬ, ಸುತ್ತ ಕಾಂಕ್ರೀಟು, ಮೇಲೆ ಪ್ಲೈವುಡ್ಡಿನ ಹಲಗೆ, ಹಲಗೆಗೆ ಎಂಟೆಂಟು ಬೋಲ್ಟು. ಆರ್ಡಿಸ್ ಊರಿನ ಬಡಗಣ ಭಾಗದಲ್ಲಿ ಬಾಗಿಲು ತಟ್ಟುತ್ತಿದ್ದ ನಾಲ್ಕೇ ದಿನದಲ್ಲಿ ತೆಂಕಣದಿಂದ ಶುರುಮಾಡಿ ನಲವತ್ತಮೂರು ಬೋರ್ಡು ಸ್ಥಾಪಿಸಿದ. ಪ್ರತಿಷ್ಠಾಪಿಸಿದ ಎನ್ನಬೇಕು.

ಐದನೆಯ ದಿನ ಮರಗಳ ಕೊಂಬೆ ಮುರಿಯುವಂಥ ಬಿರುಗಾಳಿ ಬಂತು. ರಾಸ್ಕೋನ ಬೋರ್ಡುಗಳು ಹಕ್ಕಿಗಳ ಹಿಂಡಿನಂತೆ ಹಾರಿಹೋದವು. ಆರ್ಡಿಸ್ ಪಿಕಪ್ ಗಾಡಿಯಲ್ಲಿ ಊರು ಸುತ್ತಿ ಬಂದಳು. ತನ್ನ ಒಂದು ಹಲಗೆಯೂ ಮಿಸುಕಿರಲಿಲ್ಲ.

"ಹೇಗೆ ನಿಲ್ಲಿಸಿದೆ?" ಎಂದಳು.

"ಸ್ವಲ್ಪ ಆಳಕ್ಕೆ," ಎಂದ ಲೋವೆಲ್.

"ಹೂಂ," ಎಂದಳು ಆರ್ಡಿಸ್. ಆ ಹೂಂಕಾರದಲ್ಲಿ ಭೇಷ್ ಎಂಬುದರ ಒಂದು ಕಾಲು ಭಾಗವಾದರೂ ಇತ್ತು. ಲೋವೆಲ್ ಅದನ್ನು ಎರಡು ವಾರ ಮೆಲುಕು ಹಾಕಿದ.

ಚುನಾವಣೆಯಲ್ಲಿ ಆರ್ಡಿಸ್ ಹನ್ನೊಂದು ಮತದಿಂದ ಗೆದ್ದಳು. ಮಂಡಳಿಯ ಸದಸ್ಯನಾಗಿ ಉಳಿದ ರಾಸ್ಕೋ ಮರುದಿನ ಬೆಳಿಗ್ಗೆಯೇ ಟೋಪಿ ಕೈಯಲ್ಲಿ ಹಿಡಿದು ಬಾಗಿಲಿಗೆ ಬಂದು, ಕೈ ಕುಲುಕಿ, ಹೆಂಡತಿ ಮಾಡಿದ ಕುಂಬಳಕಾಯಿ ಪೈ ಕೊಟ್ಟು ಹೋದ. ಆ ಊರಿನಲ್ಲಿ ಸೋಲುವುದಕ್ಕೂ ಒಂದು ಮರ್ಯಾದೆ ಇದೆ. ಅದೇ ವಾರ ಜಿಂಕೆ ಬೇಟೆಯ ಕಾಲ ಶುರುವಾಯಿತು. ಬೇಟೆ ಶುರುವಾದ ಮೇಲೆ ಆ ಕಡೆಯ ಗಂಡಸು ಸ್ವಂತ ಮದುವೆಯನ್ನೂ ಮುಂದೂಡುತ್ತಾನೆ, ಬೋರ್ಡು ಯಾವ ಲೆಕ್ಕ? ಲೋವೆಲ್ ಗೆಳೆಯ ಗೇಲನ್ ಜೊತೆ ನಾಲ್ಕು ದಿನ ಕಾಡಿನಲ್ಲಿದ್ದು ಒಂದು ಜಿಂಕೆಯನ್ನೂ ನೋಡದೆ ಬಂದ. ಬರುವಷ್ಟರಲ್ಲಿ ಚಳಿ ಏರಿ ನೆಲ ಹೆಪ್ಪುಗಟ್ಟಿ ಕಲ್ಲಾಗಿತ್ತು.

"ಬೋರ್ಡು ತೆಗೆದ್ಯಾ?" ಎಂದು ಆರ್ಡಿಸ್ ಕೇಳಿದಳು. "ಚುನಾವಣೆ ಆದ ಏಳು ದಿನದಲ್ಲಿ ತೆಗೀಬೇಕು ಅಂತ ಊರ ನಿಯಮ ಇದೆ. ನಾಳೆಗೆ ಏಳಾಯ್ತು."

"ತೆಗೀತೀನಿ ಬಿಡು."

"ಒಂದು ಗಂಟೆ ಕೆಲಸ. ಎಳೆದ್ರೆ ಬರುತ್ತಲ್ಲ."

ಲೋವೆಲ್ ಕಾಫಿ ಲೋಟದೊಳಗೆ ನೋಡಿದ. "ಎಳೆದ್ರೆ ಬರಲ್ಲ," ಎಂದ.

ಆಗ ಮೂರೂವರೆ ಅಡಿಯ ಕಥೆ ಹೊರಬಿತ್ತು. ಆರ್ಡಿಸ್ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಕುರ್ಚಿ ಎಳೆದುಕೊಂಡು ಕೂತಳು. "ಮುನ್ನೂರು ಮನೆ ಬಾಗಿಲಲ್ಲಿ ನಿಂತು ನಿಯಮ ಎಲ್ಲರಿಗೂ ಒಂದೇ ಅಂತ ಹೇಳಿ ಬಂದಿದೀನಿ ಲೋವೆಲ್. ಗುರುವಾರ ನನ್ನ ಮೊದಲನೇ ಸಭೆ. ಮೊದಲನೇ ವಿಷಯಾನೇ ನನ್ನ ಗಂಡ ನಿಯಮ ಮುರಿದದ್ದು ಅಂತ ಆದ್ರೆ, ನಾನು ಹೇಳಿದ್ದಕ್ಕೆಲ್ಲ ಏನು ಬೆಲೆ?" ಲೋವೆಲ್ ಕಾಫಿ ಲೋಟ ಪಕ್ಕಕ್ಕೆ ತಳ್ಳಿದ. ಉಪಕಾರ ಮಾಡಲು ಹೋಗಿ ಅವಳ ಮಾತಿನ ಬುಡಕ್ಕೇ ಗುಂಡಿ ತೋಡಿದ್ದ.

ಅವಳು ಹೆದರಿದ್ದೇ ಆಯಿತು. ಗುರುವಾರ ಸಂಜೆ ಏಳಕ್ಕೆ ಸಭಾಭವನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಸೋರುವ ಮಾಡಿನ ಕೆಳಗೆ ಬಕೀಟು, ಬಕೀಟಿನ ಸುತ್ತ ಜನ. ಮಂಡಳಿಯ ಮೂರನೆಯ ಸದಸ್ಯನಾದ ಗೇಲನ್ ಬಾಗಿಲಲ್ಲೇ ಲೋವೆಲನ ತೋಳು ಹಿಡಿದು ಮೂಲೆಗೆ ಎಳೆದ.

"ಬೇಲಿಯೇ ಎದ್ದು ಹೊಲ ಮೇಯ್ತು ಅನ್ನೋದು ನಿನಗೇ ಸರಿಯಾಯ್ತು ನೋಡು," ಎಂದು ನಕ್ಕ. "ಕೇಳಿಲ್ಲಿ. ನೆಲ ಹೆಪ್ಪುಗಟ್ಟಿದ್ರೆ ವಸಂತದವರೆಗೆ ಗಡುವು ಕೊಡಬಹುದು ಅಂತ ನಿಯಮಕ್ಕೆ ಆಮೇಲೆ ಸೇರಿಸಿದ ಕಲಮಿನಲ್ಲಿದೆ. ಆದ್ರೆ ನೆಟ್ಟವನು ಸಭೇಲಿ ಎದ್ದು ನಿಂತು ಬಾಯಿಬಿಟ್ಟು ಕೇಳಬೇಕು. ನೀನು ಕೇಳು, ನಾನೂ ರಾಸ್ಕೋನೂ ಹೂಂ ಅಂತೀವಿ. ನಿನ್ನ ಹೆಂಡತಿ ಮಾತೂ ಉಳಿಯುತ್ತೆ, ನಿನ್ನ ಸೊಂಟಾನೂ ಉಳಿಯುತ್ತೆ."

"ಕೇಳ್ತೀನಿ. ಆದ್ರೆ ಮೊದಲು ಈ ನಿಯಮ ಬರೆದವನ ಮಾನ ಹರಾಜು ಹಾಕ್ತೀನಿ," ಎಂದ ಲೋವೆಲ್. ಎರಡು ದಿನ ಕೂತು ಭಾಷಣ ಸಿದ್ಧಪಡಿಸಿದ್ದ. ಸ್ವತಂತ್ರ ಪ್ರಜೆಯ ಅಂಗಳದ ಮೇಲೆ ಇಂಥ ಸರ್ವಾಧಿಕಾರಿ ನಿಯಮ ಹೇರಿದ ಮಹಾಮೂರ್ಖ ಯಾರು ಎಂಬ ಪ್ರಶ್ನೆಯಿಂದ ಅದು ಶುರುವಾಗುತ್ತಿತ್ತು.

ಆರ್ಡಿಸ್ ಮರದ ಸುತ್ತಿಗೆ ಕುಟ್ಟಿ ಸಭೆ ತೆರೆದಳು. ನೀಲಿ ಕೋಟು, ಇಸ್ತ್ರಿ ಮಾಡಿದ ಕಾಲರು. ವಿಷಯ ತನ್ನ ಗಂಡನದಾದ್ದರಿಂದ ತಾನು ಮತ ಹಾಕುವುದಿಲ್ಲ ಎಂದು ಮೊದಲೇ ಹೇಳಿ, ನಿಯಮ ಓದುವಂತೆ ಗುಮಾಸ್ತೆ ವರ್ನಾಳಿಗೆ ಸೂಚಿಸಿದಳು. ವರ್ನಾ ಕನ್ನಡಕ ಏರಿಸಿ ಹಳೆಯ ನಡಾವಳಿ ಪುಸ್ತಕ ತೆರೆದಳು.

"ಚುನಾವಣೆಯ ಬೋರ್ಡುಗಳನ್ನು ಏಳು ದಿನದೊಳಗೆ ತೆಗೆಯತಕ್ಕದ್ದು. ತಪ್ಪಿದಲ್ಲಿ ಮಂಡಳಿಯ ಆದೇಶವಾದ ದಿನವೂ ಸೇರಿ ಮೂರನೆಯ ದಿನದ ಮಧ್ಯಾಹ್ನದೊಳಗೆ, ನೆಟ್ಟವನು ಬೇರೆ ಯಾರ ನೆರವೂ ಪಡೆಯದೆ ಸ್ವಂತ ಕೈಯಿಂದ ಕಿತ್ತು ತೆಗೆಯತಕ್ಕದ್ದು. ಸೋಮಾರಿಗಳಿಗೆ ಇದರಿಂದ ಬುದ್ಧಿ ಬರಲಿ." ವರ್ನಾ ತಲೆ ಎತ್ತಿದಳು. "ಕೊನೇ ವಾಕ್ಯಾನೂ ನಿಯಮದಲ್ಲೇ ಇದೆ. ಇಪ್ಪತ್ತೊಂಬತ್ತು ವರ್ಷದ ಹಿಂದಿನ ವಾರ್ಷಿಕ ಸಭೆ. ಮಂಡಿಸಿದವರು, ಲೋವೆಲ್ ಹೇವರ್‌ಕ್ಯಾಂಪ್."

ಭವನ ನಗೆಯಲ್ಲಿ ಮುಳುಗಿತು. ಲೋವೆಲನ ನೆನಪಿನ ಹಗೇವು ನಿಧಾನವಾಗಿ ತೆರೆಯಿತು. ಯಾರದೋ ಬೋರ್ಡು ಚಳಿಗಾಲವಿಡೀ ತನ್ನ ಹೊಲದ ಬದುವಿನಲ್ಲಿ ನಿಂತಿತ್ತು ಎಂಬ ಸಿಟ್ಟಿಗೆ ಅವನು ಆಯುಷ್ಯದಲ್ಲಿ ಒಂದೇ ಒಂದು ಊರ ಸಭೆಗೆ ಹೋಗಿದ್ದ. ಹೋಗಿ, ಕೂಗಾಡಿ, ನಿಯಮ ಮಾಡಿಸಿ, ಮೀನು ಹಿಡಿಯಲು ಹೋಗಿ ಎಲ್ಲವನ್ನೂ ಮರೆತಿದ್ದ. ಮಾಡಿದ್ದುಣ್ಣೋ ಮಹರಾಯ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

"ಸಾರ್ವಜನಿಕರ ಮಾತಿಗೆ ಸಮಯ," ಎಂದಳು ಆರ್ಡಿಸ್. "ಒಬ್ಬರಿಗೆ ಮೂರು ನಿಮಿಷ. ಮಾತಾಡುವವರನ್ನು ಮಂಡಳಿಯ ಯಾರೂ ತಡೆಯುವ ಹಾಗಿಲ್ಲ, ಉತ್ತರ ಕೊಡುವ ಹಾಗಿಲ್ಲ. ಹೇವರ್‌ಕ್ಯಾಂಪ್ ಅವರೇ, ನೀವು ಮಾತಾಡಬಹುದು." ನಲವತ್ತೊಂದು ವರ್ಷದಲ್ಲಿ ಅವಳು ಅವನಿಗೆ ಬಹುವಚನ ಹಚ್ಚಿದ್ದು ಅದೇ ಮೊದಲು.

ವರ್ನಾ ಕೋಳಿಯಾಕಾರದ ಅಡುಗೆ ಗಡಿಯಾರವನ್ನು ಮೂರು ನಿಮಿಷಕ್ಕೆ ತಿರುಗಿಸಿ ಮೇಜಿನ ಮೇಲಿಟ್ಟಳು. ಲೋವೆಲ್ ಎದ್ದು ನಿಂತ. ಜೇಬಿನಲ್ಲಿದ್ದ ಭಾಷಣವನ್ನು ಹೊರಗೆ ತೆಗೆಯುವಂತಿರಲಿಲ್ಲ; ಅದರ ಮೊದಲ ವಾಕ್ಯದಲ್ಲಿದ್ದ ಮಹಾಮೂರ್ಖನ ಗುರುತು ಈಗ ಊರಿಗೆಲ್ಲ ಸಿಕ್ಕಿತ್ತು. ಎದುರಿಗೆ ಆರ್ಡಿಸ್ ತುಟಿ ಬಿಗಿದು ಕೂತಿದ್ದಳು. ಮೂರು ನಿಮಿಷ ಅವಳು ಒಂದು ಮಾತೂ ಆಡುವಂತಿಲ್ಲ ಎಂಬುದು ಅವನಿಗೆ ಆಗ ಹೊಳೆಯಿತು. ಇಂಥ ಯೋಗ ಇನ್ನೆಂದಿಗೆ ಬರುತ್ತದೆ?

"ನಂಗೆ ಬೋರ್ಡಿನ ಬಗ್ಗೆ ಹೇಳೋಕೆ ಏನೂ ಉಳಿದಿಲ್ಲ," ಎಂದು ಶುರುಮಾಡಿದ. "ಈ ಅಧ್ಯಕ್ಷರ ಬಗ್ಗೆ ಹೇಳೋದಿದೆ. ಮನೇಲಿ ನಾನು ಮಾತು ಶುರು ಮಾಡಿದ್ರೆ ಮುಗಿಸೋದು ಇವಳು. ಇವತ್ತು ನಿಯಮ ಇವಳ ಬಾಯಿ ಕಟ್ಟಿದೆ, ಅದಕ್ಕೇ ಹೇಳ್ತಿದೀನಿ." ಜನ ನಕ್ಕರು. ಆರ್ಡಿಸ್‌ಳ ಬಾಯಿ ತೆರೆದು ಮುಚ್ಚಿತು.

"ಆರು ವಾರ ಇವಳು ದಿನಾ ಹೊರಗೆ ಹೋದ್ಲು. ಸಂಜೆ ಬಂದು ಬಿಸಿನೀರಿನ ಬಕೀಟಲ್ಲಿ ಕಾಲಿಟ್ಟುಕೊಂಡು ನಾಳೆಯ ಚೀಟಿ ಬರೀತಿದ್ಲು. ಕಾಲಲ್ಲಿ ಬೊಬ್ಬೆ ಎದ್ದಿತ್ತು, ನಾನು ನೋಡಿದೀನಿ. ಒಂದಿನ ಒಬ್ಬ ಮುಖದ ಮೇಲೇ ಬಾಗಿಲು ಹಾಕಿದ. ಮರುದಿನ ಮತ್ತೆ ಅವನ ಮನೆಗೇ ಹೋಗಿ, ನಿಮ್ಮ ಮೆಟ್ಟಿಲ ಹಲಗೆ ಸಡಿಲ ಆಗಿದೆ, ಬಿದ್ದುಗಿದ್ದೀರಿ ಅಂತ ಹೇಳಿ ಬಂದ್ಲು. ಅಷ್ಟು ದಿನವೂ ನಾನೇನು ಮಾಡ್ತಿದ್ದೆ ಗೊತ್ತಾ? ಟೀವಿ ಮುಂದೆ ಕೂತು, ಈ ದೇಶಕ್ಕೆ ಯಾರೂ ಏನೂ ಮಾಡ್ತಿಲ್ಲ ಅಂತ ಕೂಗ್ತಿದ್ದೆ. ಇವಳು ನನ್ನ ಬೆನ್ನ ಹಿಂದೇನೇ ಕೂತಿದ್ಲು."

ಬಕೀಟಿಗೆ ಒಂದು ಹನಿ ಬಿತ್ತು.

"ನಿಮ್ಮಲ್ಲಿ ಎಷ್ಟೋ ಜನಾನ ಇವಳು ಬಸ್ಸಲ್ಲಿ ಕೂರಿಸಿಕೊಂಡು ಶಾಲೆಗೆ ಮುಟ್ಟಿಸಿದಾಳೆ. ಇನ್ನೂ ಹಾಗೇ ಮಾಡ್ತಿದಾಳೆ ಅಂತ ನಂಗನ್ನಿಸುತ್ತೆ. ನಾನು ಇವಳಿಗೆ ಮತ ಹಾಕಿದ್ದು ಗಂಡ ಅಂತ ಅಲ್ಲ. ಇವಳಷ್ಟು ಗಟ್ಟಿ ಇರೋರು ಈ ಊರಲ್ಲಿ ಇನ್ನೊಬ್ಬರಿಲ್ಲ ಅಂತ. ಇದನ್ನ ನಲವತ್ತೊಂದು ವರ್ಷದಿಂದ ಹೇಳ್ಬೇಕು ಅಂತಿದ್ದೆ, ಸರದಿ ಸಿಕ್ಕಿರಲಿಲ್ಲ. ಹಾಂ, ಇನ್ನೊಂದು ಮಾತು, ಆ ನೆಲದ ವಿಷಯ..."

ಕೋಳಿ ಕಿರುಚಿತು.

"ಸಮಯ ಮುಗಿಯಿತು," ಎಂದಳು ಆರ್ಡಿಸ್. "ಕೂತುಕೊಳ್ಳಿ, ಹೇವರ್‌ಕ್ಯಾಂಪ್ ಅವರೇ."

"ಅರ್ಧ ನಿಮಿಷ..."

"ನಿಯಮ ಎಲ್ಲರಿಗೂ ಒಂದೇ," ಎಂದಳು ಅಧ್ಯಕ್ಷೆ. ಜನ ಚಪ್ಪಾಳೆ ತಟ್ಟಿದರು. ಯಾರಿಗೆ ತಟ್ಟಿದರು ಎಂದು ಲೋವೆಲನಿಗೆ ಗೊತ್ತಾಗಲಿಲ್ಲ.

ವರ್ನಾ ಬರೆದುಕೊಂಡದ್ದನ್ನು ಗಟ್ಟಿಯಾಗಿ ಓದಿದಳು. "ಲೋವೆಲ್ ಹೇವರ್‌ಕ್ಯಾಂಪ್ ಹೆಂಡತಿಯನ್ನು ಹೊಗಳಿದರು. ಗಡುವು ಕೇಳಲಿಲ್ಲ."

ರಾಸ್ಕೋ ಗಂಟಲು ಸರಿಪಡಿಸಿಕೊಂಡ. "ಕೇಳಿದ್ರೆ ನಾನೇ ಬೆಂಬಲ ಕೊಡ್ತಿದ್ದೆ. ಕೇಳದೆ ಕೊಡೋ ಅಧಿಕಾರ ನಮಗಿಲ್ಲ," ಎಂದ, ನಿಜವಾಗಿಯೂ ನೊಂದುಕೊಂಡು. ಗೇಲನ್ ಹಣೆಗೆ ಕೈಹಚ್ಚಿ ಕೂತಿದ್ದ. ಇಬ್ಬರೂ ಕೈ ಎತ್ತಿದರು. ಶನಿವಾರ ಮಧ್ಯಾಹ್ನ ಹನ್ನೆರಡರೊಳಗೆ ನಲವತ್ತಮೂರು ಬೋರ್ಡು, ಸ್ವಂತ ಕೈಯಿಂದ. ಅದಾದ ಮೇಲೆ ಸಭೆಗಳು ಇದೇ ಭವನದಲ್ಲಿ ಸಂಜೆ ಏಳಕ್ಕೇ ನಡೆಯುತ್ತವೆ ಎಂಬ ನಿರ್ಣಯ ಮೂರಕ್ಕೆ ಮೂರು ಮತದಿಂದ ಗೆದ್ದಿತು. ರಾಸ್ಕೋನೂ ಕೈ ಎತ್ತಿದ್ದ; ಇಷ್ಟು ಮಜಾ ಕೌಂಟಿ ಕಚೇರಿಯಲ್ಲಿ ಎಲ್ಲಿ ಸಿಗುತ್ತದೆ ಎಂದು ಪಕ್ಕದವನ ಹತ್ತಿರ ಹೇಳಿದನಂತೆ.

ಮನೆಗೆ ಹೋಗುವಾಗ ಗಾಡಿ ಓಡಿಸಿದವಳು ಆರ್ಡಿಸ್.

"ಮೂರು ನಿಮಿಷ ಇತ್ತು ನಿನ್ನ ಹತ್ರ," ಎಂದಳು ಎರಡು ಮೈಲಿ ಕಳೆದ ಮೇಲೆ. "ಹತ್ತು ಸೆಕೆಂಡಲ್ಲಿ ಗಡುವು ಕೇಳಿ, ಉಳಿದದ್ದರಲ್ಲಿ ಹೊಗಳಬಹುದಾಗಿತ್ತು."

"ಹೊಳೀಲಿಲ್ಲ."

"ಗೊತ್ತು." ಅವಳು ಕೈಗವಸಿನಿಂದ ಮೂಗೊರೆಸಿಕೊಂಡಳು. "ಮುಂದಿನ ತಿಂಗಳ ಸಭೆಗೂ ಬಾ."

"ಯಾಕೆ? ಇನ್ನೇನು ಮುರಿದಿದೀನಿ ನಾನು?"

"ಏನೂ ಇಲ್ಲ. ಮತ್ತೆ ಮೂರು ನಿಮಿಷ ಸಿಗುತ್ತಲ್ಲ."

"ಅದನ್ನೆಲ್ಲ ಮನೇಲೇ ಹೇಳ್ತೀನಿ ಬಿಡು."

"ಮನೇಲಿ ಹೇಳಿದ್ರೆ ನಡಾವಳಿ ಪುಸ್ತಕಕ್ಕೆ ಸೇರಲ್ಲ," ಎಂದಳು ಆರ್ಡಿಸ್.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಲೋವೆಲ್ ಮೊದಲನೆಯ ಕಂಬದ ಬುಡದಲ್ಲಿ ಹಾರೆ ಹಿಡಿದು ನಿಂತಿದ್ದ. ರಸ್ತೆಯ ಆಚೆ ಬದಿಗೆ ಗೇಲನ್, ರಾಸ್ಕೋ, ವರ್ನಾ, ಮಹಿಳಾ ಸಂಘದ ಏಳೂ ಜನ ಮಡಚುವ ಕುರ್ಚಿ ತಂದು ಸಾಲಾಗಿ ಕೂತಿದ್ದರು. ಅವರ ಮುಂದೆ ಬಿಸಿ ಕಾಫಿಯ ದೊಡ್ಡ ಪಾತ್ರೆ. ಒಬ್ಬರೂ ನೆರವಾಗುವಂತಿರಲಿಲ್ಲ, ನಿಯಮ ಅಷ್ಟು ಕಟ್ಟುನಿಟ್ಟು. ಲೋವೆಲ್ ಹಾರೆ ಎತ್ತಿ ಹೊಡೆದ. ಹೆಪ್ಪುಗಟ್ಟಿದ ನೆಲ ಹತ್ತು ಏಟಿಗೆ ಬಿರುಕು ಬಿಟ್ಟಿತು. ಕಾಂಕ್ರೀಟು ಮಾತ್ರ ಬಿಡಲಿಲ್ಲ. ಅದು ಬಹಳ ಚೆನ್ನಾಗಿ ಕೂತಿತ್ತು.

"ಲೋವೆಲ್," ಎಂದು ಆಚೆ ಬದಿಯಿಂದ ಆರ್ಡಿಸ್ ಕೂಗಿದಳು. "ಒಳ್ಳೇ ಕೆಲಸ ಮಾಡಿದೀಯ ಕಣೋ."